ದೊಡ್ಡಕ್ಷರ ಕಳೆದುಕೊಂಡ ನಾಮಪದಗಳು

ಇಂಗ್ಲಿಷಿನಲ್ಲಿ ನಾಮಪದವೊಂದು ಕ್ರಿಯಾಪದವಾಗಲು ಪ್ರತ್ಯಯ ಬೇಡ, ಸಂಧಿ ಬೇಡ, ವೈಯಾಕರಣರ ಅಪ್ಪಣೆಯಂತೂ ಬೇಡವೇ ಬೇಡ. ವಾಕ್ಯದಲ್ಲಿ ಕ್ರಿಯೆಯ ಜಾಗಕ್ಕೆ ಹೋಗಿ ಕೂತರೆ ಆಯಿತು. ‘ಬಾಟಲ್’ ಎಂದರೆ ಬಾಟಲಿಯೂ ಹೌದು, ಬಾಟಲಿಗೆ ತುಂಬುವುದೂ ಹೌದು. ‘ಹ್ಯಾಮರ್’ ಸುತ್ತಿಗೆಯೂ ಹೌದು, ಅದರಿಂದ ಬಡಿಯುವುದೂ ಹೌದು. ಭಾಷಾವಿಜ್ಞಾನಿಗಳು ಇದನ್ನು ‘ಕನ್ವರ್ಷನ್’ ಎನ್ನುತ್ತಾರೆ. ಇಂಗ್ಲಿಷ್ ಕ್ರಿಯಾಪದಗಳಲ್ಲಿ ಸುಮಾರು ಐದನೇ ಒಂದು ಪಾಲು ಮೂಲತಃ ನಾಮಪದಗಳೇ ಎಂದು ಸ್ಟೀವನ್ ಪಿಂಕರ್ 1994ರ ‘ದಿ ಲ್ಯಾಂಗ್ವೇಜ್ ಇನ್‌ಸ್ಟಿಂಕ್ಟ್’ ಪುಸ್ತಕದಲ್ಲಿ ಅಂದಾಜು ಮಾಡಿದ್ದಾರೆ. ಯಂತ್ರಗಳ ಕೈಪಿಡಿ ತೆರೆದರೆ ಈ ಜಾತಿಯ ಪದಗಳೇ ಎದುರಾಗುತ್ತವೆ: ಆಕ್ಸೆಸ್, ಇನ್‌ಪುಟ್, ಫಾರ್ಮ್ಯಾಟ್, ಇಂಟರ್‌ಫೇಸ್, ಬೂಟ್, ಇಮೇಲ್. ಹೊಸ ಯಂತ್ರ ಬಂದಾಗ ಅದರ ಜೊತೆ ಹೆಸರೊಂದು ಬಂದೇ ಬರುತ್ತದೆ. ಅದರಿಂದ ಮಾಡುವ ಕೆಲಸಕ್ಕೆ ಬೇರೊಂದು ಪದ ಹುಡುಕುತ್ತ ಕೂರುವ ಪುರುಸೊತ್ತು ಎಂಜಿನಿಯರುಗಳಿಗೆ ಇರುವುದಿಲ್ಲ.

ಈ ಸಲಿಗೆಗೆ ಕಾರಣ ಸವೆತ. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲುಫು’, ಪ್ರೀತಿಸುವುದಕ್ಕೆ ‘ಲುಫಿಯನ್’. ಯಾವುದು ನಾಮ, ಯಾವುದು ಕ್ರಿಯೆ ಎಂದು ಪದದ ಬಾಲವೇ ಹೇಳುತ್ತಿತ್ತು. ನಾರ್ಮನ್ನರು ಬಂದ ಮೇಲಿನ ಶತಮಾನಗಳಲ್ಲಿ ಈ ಬಾಲಗಳು ಒಂದೊಂದಾಗಿ ಉದುರಿ, ಎರಡೂ ‘ಲವ್’ ಆಗಿ ಉಳಿದವು. ಷೇಕ್ಸ್‌ಪಿಯರ್ ಕಾಲಕ್ಕೆ ಈ ಸ್ವಾತಂತ್ರ್ಯ ಉತ್ಸವದ ಮಟ್ಟ ಮುಟ್ಟಿತ್ತು. ‘ಎರಡನೆಯ ರಿಚರ್ಡ್’ ನಾಟಕದಲ್ಲಿ ದೇಶಭ್ರಷ್ಟನಾಗಿದ್ದ ಅಣ್ಣನ ಮಗ ಅಪ್ಪಣೆಯಿಲ್ಲದೆ ಮರಳಿ ಬಂದು ‘ಅಂಕಲ್’ ಎಂದು ಕರೆದಾಗ, ಸಿಟ್ಟಿಗೆದ್ದ ಯಾರ್ಕಿನ ಡ್ಯೂಕ್ ಆ ಪದವನ್ನೇ ಕ್ರಿಯಾಪದ ಮಾಡಿ ಅವನ ಮೇಲೆ ತಿರುಗಿ ಎಸೆಯುತ್ತಾನೆ.

ಜಾಗ ಬದಲಿಸಿದ ನಾಮಪದ ಯಾವ ಕೆಲಸವನ್ನು ಹೇಳುತ್ತದೆ ಎಂಬುದಕ್ಕೆ ಖಚಿತ ಕಟ್ಟಳೆಯಿಲ್ಲ. ಈವ್ ಕ್ಲಾರ್ಕ್ ಮತ್ತು ಹರ್ಬರ್ಟ್ ಕ್ಲಾರ್ಕ್ 1979ರಲ್ಲಿ ಇಂಥ 1,300ಕ್ಕೂ ಹೆಚ್ಚು ಕ್ರಿಯಾಪದಗಳನ್ನು ಕೂಡಿಸಿ ವಿಂಗಡಿಸಿದರು. ಕೆಲವಲ್ಲಿ ವಸ್ತು ಸಾಧನ, ಕೆಲವಲ್ಲಿ ತಾಣ, ಕೆಲವಲ್ಲಿ ಹಚ್ಚುವ ಪದಾರ್ಥ, ಕೆಲವಲ್ಲಿ ತೆಗೆದುಹಾಕುವ ಪದಾರ್ಥ. ತಾಪತ್ರಯ ಕೊಡುವುದು ಕೊನೆಯ ಎರಡು. ‘ಡಸ್ಟ್’ ಎಂದರೆ ಮೇಜಿನ ಮೇಲಿನ ಧೂಳು ತೆಗೆಯುವುದು. ಕೇಕಿನ ವಿಷಯದಲ್ಲಿ ಅದೇ ‘ಡಸ್ಟ್’ ಮೇಲೆ ಸಕ್ಕರೆ ಪುಡಿ ಉದುರಿಸುವುದು. ‘ಸೀಡ್’ ಎಂದರೆ ಹೊಲದಲ್ಲಿ ಬೀಜ ಬಿತ್ತುವುದು, ಅಡುಗೆಮನೆಯಲ್ಲಿ ಮೆಣಸಿನಕಾಯಿಯ ಬೀಜ ತೆಗೆಯುವುದು. ಮೇಜು, ಕೇಕು, ಹೊಲ, ಮೆಣಸಿನಕಾಯಿ ಎಲ್ಲವನ್ನೂ ಬಲ್ಲವರಿಗೆ ಗೊಂದಲವಿಲ್ಲ. ಭಾಷೆಯನ್ನು ಪುಸ್ತಕದಿಂದ ಕಲಿತವರಿಗೆ ಮಾತ್ರ ಇಲ್ಲಿ ಕಾಲು ತಡೆಯುತ್ತದೆ.

ಇಂಥ ಕ್ರಿಯಾಪದಗಳ ಮೇಲಿನ ದೂರುಗಳಲ್ಲಿ ಹೆಸರಾದದ್ದು ಬೆಂಜಮಿನ್ ಫ್ರಾಂಕ್ಲಿನ್‌ನದು. 1789ರಲ್ಲಿ ನೋವಾ ವೆಬ್‌ಸ್ಟರ್ ಇಂಗ್ಲಿಷ್ ಭಾಷೆಯ ಕುರಿತ ತನ್ನ ಪುಸ್ತಕವನ್ನು ಫ್ರಾಂಕ್ಲಿನ್‌ಗೆ ಅರ್ಪಿಸಿದ. ವೆಬ್‌ಸ್ಟರ್‌ಗೆ ಆಗ 31, ಫ್ರಾಂಕ್ಲಿನ್‌ಗೆ 83. ಡಿಸೆಂಬರ್ 26ರಂದು ವಂದನೆ ತಿಳಿಸಲು ಕೂತ ಮುದುಕ ವಂದನೆಯನ್ನು ಬೇಗ ಮುಗಿಸಿ ತಕರಾರಿಗೆ ಇಳಿದ. ತಾನು ಫ್ರಾನ್ಸಿನಲ್ಲಿದ್ದ ಕಾಲದಲ್ಲಿ ಅಮೆರಿಕದ ಸಭೆಗಳ ಭಾಷೆಗೆ ಕೆಟ್ಟ ಕ್ರಿಯಾಪದಗಳು ಹೊಕ್ಕಿವೆ ಎಂಬುದು ಅವನ ಅಳಲು. ‘ನೋಟಿಸ್’ ಕ್ರಿಯಾಪದವಾಗಿದೆ, ‘ಅಡ್ವೊಕೇಟ್’ ಕ್ರಿಯಾಪದವಾಗಿದೆ, ಮೂರರಲ್ಲೂ ಅತಿ ಹೇಸಿಗೆಯದಾಗಿ ‘ಪ್ರೋಗ್ರೆಸ್’ ಕ್ರಿಯಾಪದವಾಗಿದೆ. ವೆಬ್‌ಸ್ಟರ್ ಒಪ್ಪುವುದಾದರೆ ತನ್ನ ಪಾಂಡಿತ್ಯದ ಬಲದಿಂದ ಇವನ್ನು ಖಂಡಿಸಬೇಕು.

ದೂರು ಕೊಟ್ಟವನು ಸಾಮಾನ್ಯ ಸಂಪ್ರದಾಯವಾದಿಯಲ್ಲ. 1768ರಲ್ಲಿ ಇಂಗ್ಲಿಷ್ ವರ್ಣಮಾಲೆಯಿಂದ ಆರು ಅಕ್ಷರಗಳನ್ನು ಕಿತ್ತುಹಾಕಿ ಆರು ಹೊಸ ಅಕ್ಷರ ಸೇರಿಸುವ ಯೋಜನೆ ಹಾಕಿದ್ದವನು ಅವನೇ. ಅಕ್ಷರಗಳನ್ನೇ ಬದಲಿಸಲು ಹೊರಟವನು ಮೂರು ಕ್ರಿಯಾಪದಗಳಿಗೆ ಬೆಚ್ಚಿಬಿದ್ದ. ಅವು ಹೊಸವೂ ಆಗಿರಲಿಲ್ಲ. ‘ಪ್ರೋಗ್ರೆಸ್’ ಕ್ರಿಯಾಪದವಾಗಿ ಷೇಕ್ಸ್‌ಪಿಯರನ ‘ಕಿಂಗ್ ಜಾನ್’ ನಾಟಕದಲ್ಲೇ ಇದೆ. ಫ್ರಾಂಕ್ಲಿನ್ 1790ರ ಏಪ್ರಿಲ್ 17ರಂದು ತೀರಿಕೊಂಡ. ವೆಬ್‌ಸ್ಟರ್ 1828ರಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದಾಗ ಮೂರೂ ಪದಗಳು ಕ್ರಿಯಾಪದಗಳಾಗಿಯೇ ಅದರಲ್ಲಿ ಜಾಗ ಪಡೆದಿದ್ದವು. ಫ್ರಾಂಕ್ಲಿನ್‌ನ ಮನಸ್ಸಿಗೆ ಒಪ್ಪುವಂತೆ ಅವು ಇಂದಿಗೂ ನಾಮಪದಗಳಾಗಿ ಉಳಿದಿರುವುದು ಕರ್ನಾಟಕದಲ್ಲಿ: ನೋಟಿಸ್ ತಾಲ್ಲೂಕು ಕಚೇರಿಯಿಂದ ಬರುತ್ತದೆ, ಅಡ್ವೊಕೇಟ್ ಕರಿಕೋಟು ತೊಟ್ಟು ಕೋರ್ಟಿಗೆ ಹೋಗುತ್ತಾರೆ, ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ಬೇಕು.

ಆ ಪತ್ರವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಈ ಮೂರು ಪದಗಳಿಗೇ ನಿಲ್ಲುತ್ತಾರೆ. ಆದರೆ ಫ್ರಾಂಕ್ಲಿನ್ 12ನೇ ವಯಸ್ಸಿಗೇ ಅಣ್ಣನ ಛಾಪಖಾನೆಯಲ್ಲಿ ಕೆಲಸಕ್ಕೆ ಕೂತವನು, ಮೊಳೆ ಜೋಡಿಸಿ ಬೆಳೆದವನು. ಪತ್ರದ ಉಳಿದ ಭಾಗದಲ್ಲಿ ಮಾತಾಡುವುದು ಆ ಮುದ್ರಕ. ಕಪ್ಪು ಮಸಿಯ ಬದಲು ಬೂದುಬಣ್ಣದ ಮಸಿ ಬಂದಿದೆ, ಮುದುಕರ ಕಣ್ಣಿಗೆ ಕಾಣುವುದಿಲ್ಲ. ಉದ್ದನೆಯ ‘ಎಸ್’ ಅಕ್ಷರವನ್ನು ಕೈಬಿಟ್ಟಿದ್ದಾರೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನಾಮಪದಗಳನ್ನು ದೊಡ್ಡಕ್ಷರದಿಂದ ಶುರು ಮಾಡುವ ಪದ್ಧತಿ ಹೋಗಿಬಿಟ್ಟಿದೆ. 1660ರಿಂದ 1727ರವರೆಗಿನ ಇಂಗ್ಲಿಷ್ ಪುಸ್ತಕಗಳಲ್ಲಿ ಎಲ್ಲ ನಾಮಪದಗಳಿಗೂ ದೊಡ್ಡಕ್ಷರ ಇರುತ್ತಿತ್ತು ಎಂದು ಅವನು ನೆನಪಿಸುತ್ತಾನೆ. ಜರ್ಮನ್ ಭಾಷೆಯಲ್ಲಿ ಇಂದಿಗೂ ಹಾಗೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ಸಾಲು ಸಪಾಟಾಗಿ ಚೆಂದ ಕಾಣಲಿ ಎಂದು ಮುದ್ರಕರು ಅದನ್ನು ಬಿಟ್ಟರು. ಉದ್ದನೆಯ ‘ಎಸ್’ ಬಿಟ್ಟದ್ದೂ ಸಾಲು ಸಪಾಟಾಗಲಿ ಎಂದೇ; ಮುಖ ಸಪಾಟಾಗಲಿ ಎಂದು ಎಲ್ಲರ ಮೂಗನ್ನೂ ಹೆರೆದ ಹಾಗಾಯಿತು ಎಂಬರ್ಥದ ಮಾತನ್ನು ಫ್ರಾಂಕ್ಲಿನ್ ಆ ಅಕ್ಷರದ ಬಗ್ಗೆ ಆಡಿದ.

ದೊಡ್ಡಕ್ಷರದ ಪರವಾಗಿ ಅವನು ಕೊಟ್ಟ ಕಾರಣ ಅಂದಕ್ಕೆ ಸಂಬಂಧಿಸಿದ್ದಲ್ಲ. ಇಂಗ್ಲಿಷಿನಲ್ಲಿ ನಾಮವೂ ಕ್ರಿಯೆಯೂ ಆಗುವ, ಕಾಗುಣಿತದಲ್ಲಿ ಒಂದೇ ಆಗಿರುವ ಪದಗಳು ವಿಪರೀತ. ಭಾಷೆಯನ್ನು ಚೆನ್ನಾಗಿ ಅರಿಯದವರಿಗೆ ಆ ದೊಡ್ಡಕ್ಷರ ದಾರಿ ತೋರುತ್ತಿತ್ತು. ಎಷ್ಟೋ ಕಡೆ ಉಚ್ಚಾರಣೆಯಲ್ಲಿ ಒತ್ತು ಬೇರೆಯಾಗುತ್ತದೆ ಎಂಬುದನ್ನೂ ಅವನು ಗಮನಿಸಿದ್ದ. ‘ರೆಕಾರ್ಡ್’ ನಾಮವಾದರೆ ಒತ್ತು ಮೊದಲಿಗೆ, ಕ್ರಿಯೆಯಾದರೆ ಕೊನೆಗೆ. ‘ಇಂಪೋರ್ಟ್’, ‘ಪರ್ಮಿಟ್’ ಕೂಡ ಹಾಗೆಯೇ. ಕಿವಿಗೆ ಕೇಳುವ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ. ಮೂರು ಪದಗಳ ಮೇಲಿನ ಸಿಟ್ಟು ಮುದುಕನ ಗೊಣಗಾಟವಾಗಿ ಮರೆತುಹೋಗಬಹುದು. ದೊಡ್ಡಕ್ಷರದ ವಾದ ಹಾಗಲ್ಲ. ಮುಂದೆ ತಾಂತ್ರಿಕ ಬರವಣಿಗೆಗೆ ಎದುರಾದ ತೊಡಕನ್ನು ಆ ಮುದ್ರಕ ಮೊದಲೇ ಗುರುತಿಸಿದ್ದ.

19 ಮತ್ತು 20ನೇ ಶತಮಾನದಲ್ಲಿ ಜಗಳ ಸಭಾಂಗಣದಿಂದ ಕಚೇರಿಗೆ ಬಂತು. ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು 1931ರಲ್ಲಿ ‘ಕಾಂಟ್ಯಾಕ್ಟ್’ ಎಂಬುದನ್ನು ಕ್ರಿಯಾಪದವಾಗಿ ಬಳಸಕೂಡದೆಂದು ಪಟ್ಟು ಹಿಡಿದರು. ಜನರನ್ನು ಸಂಪರ್ಕಕ್ಕೆ ತರುವುದೇ ಆ ಕಂಪನಿಯ ಕಸುಬಾಗಿತ್ತು. 1959ರಲ್ಲಿ ಇ. ಬಿ. ವೈಟ್ ತಿದ್ದಿ ಹಿಗ್ಗಿಸಿದ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಕೂಡ ಆ ಪದ ಅಸ್ಪಷ್ಟ, ಜಂಬದ್ದು ಎಂದು ದೂರವಿಟ್ಟಿತು. ಈಗ ಅದನ್ನು ಕ್ರಿಯಾಪದವಾಗಿ ಬಳಸದ ಕೈಪಿಡಿಯ ಕೊನೆಯ ಪುಟ ಸಿಗುವುದು ಕಷ್ಟ.

ಕಂಪ್ಯೂಟರಿನ ಪದಗಳಲ್ಲಿ ‘ಲಾಗ್’ ಎಂಬುದರಷ್ಟು ತಿರುಗಾಡಿದ್ದು ವಿರಳ. ಮೂಲದಲ್ಲಿ ಅದು ಮರದ ತುಂಡು. ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಹಡಗಿನ ಹಿಂದೆ ನೀರಿಗೆ ಎಸೆಯುತ್ತಿದ್ದರು. ಮರಳು ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈಜಾರಿದವು ಎಂದು ಎಣಿಸಿದರೆ ಹಡಗಿನ ವೇಗ ತಿಳಿಯುತ್ತಿತ್ತು. ‘ನಾಟ್’ ಎಂಬ ಅಳತೆ ಅಲ್ಲಿಂದಲೇ ಬಂದದ್ದು. ಆ ಲೆಕ್ಕ ಬರೆಯುವ ಪುಸ್ತಕ ‘ಲಾಗ್‌ಬುಕ್’ ಆಯಿತು, ಪುಸ್ತಕವೇ ‘ಲಾಗ್’ ಆಯಿತು, ಅದರಲ್ಲಿ ದಾಖಲಿಸುವ ಕೆಲಸವೂ ‘ಲಾಗ್’ ಆಯಿತು. 1960ರ ದಶಕದಲ್ಲಿ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವಂತಾದಾಗ, ಯಾರು ಬಂದರು, ಎಷ್ಟು ಹೊತ್ತು ಬಳಸಿದರು ಎಂದು ಬರೆದಿಡಬೇಕಾಯಿತು. ಒಳಬರುವ ಆದೇಶಕ್ಕೆ ‘ಲಾಗಿನ್’ ಎಂಬ ಹೆಸರು ಬಿತ್ತು. ಕ್ರಿಯಾಪದ ಮತ್ತೆ ನಾಮಪದವಾಯಿತು. ಆ ನಾಮಪದವನ್ನು ಜನ ಪುನಃ ಕ್ರಿಯಾಪದ ಮಾಡಿದರು. ಶೈಲಿ ಕೈಪಿಡಿಗಳು ಇಲ್ಲಿ ಗೆರೆ ಎಳೆಯುತ್ತವೆ: ಕೂಡಿಸಿ ಬರೆದರೆ ನಾಮ, ಬಿಡಿಸಿ ಬರೆದರೆ ಕ್ರಿಯೆ. ಪರೀಕ್ಷೆಯೂ ಸುಲಭ, ಭೂತಕಾಲಕ್ಕೆ ತಂದರೆ ಸಾಕು. ‘ಲಾಗ್ಡ್ ಇನ್’ ಎನ್ನುತ್ತಾರೆ, ‘ಲಾಗಿನ್ಡ್’ ಎನ್ನುವವರಿಲ್ಲ.

ಕಂಪನಿಗಳ ಹೆಸರೇ ಕ್ರಿಯಾಪದವಾದಾಗ ಜಗಳ ವಕೀಲರ ಮೇಜಿಗೆ ಹೋಗುತ್ತದೆ. ಜೆರಾಕ್ಸ್ 914 ಯಂತ್ರ 1959ರಲ್ಲಿ ಬಂದು ಮನೆಮಾತಾದ ಮೇಲೆ, ತನ್ನ ಹೆಸರನ್ನು ಕ್ರಿಯಾಪದವಾಗಿ ಬಳಸಬೇಡಿ ಎಂದು ಆ ಕಂಪನಿ ಜಾಹೀರಾತು ಕೊಡತೊಡಗಿತು. ಸಾಮಾನ್ಯ ಪದವಾಗಿಬಿಟ್ಟರೆ ಟ್ರೇಡ್‌ಮಾರ್ಕಿನ ಹಕ್ಕು ಕೈತಪ್ಪುವ ಭಯ. 2006ರಲ್ಲಿ ‘ಗೂಗಲ್’ ಕ್ರಿಯಾಪದವಾಗಿ ಆಕ್ಸ್‌ಫರ್ಡ್ ಮತ್ತು ಮೆರಿಯಮ್-ವೆಬ್‌ಸ್ಟರ್ ನಿಘಂಟುಗಳಿಗೆ ಸೇರಿತು. ಎಷ್ಟೇ ಹೆಸರಿರಲಿ, ನಿಘಂಟಿಗೆ ಸೇರಿದ್ದಕ್ಕೆ ಕಳವಳಪಡಬೇಕಾದ ವಿಚಿತ್ರ ಸ್ಥಿತಿ ಇದು.

ಇಷ್ಟು ಕಾಲ ನಡೆದದ್ದು ಅಭಿರುಚಿಯ ತಂಟೆ. ವಿಮಾನದ ವಿಷಯಕ್ಕೆ ಬಂದಾಗ ಅದು ಸುರಕ್ಷತೆಯ ಪ್ರಶ್ನೆಯಾಯಿತು. ವಿಮಾನದ ದುರಸ್ತಿ ಕೈಪಿಡಿಗಳು ಇಂಗ್ಲಿಷಿನಲ್ಲಿರುತ್ತವೆ. ಅವನ್ನು ಓದಿ ಬೋಲ್ಟು ಬಿಗಿಸುವವರಲ್ಲಿ ಬಹುಮಂದಿಯ ಮನೆಮಾತು ಬೇರೆ. ಯುರೋಪಿನ ವಿಮಾನ ಸಂಸ್ಥೆಗಳ ಕೋರಿಕೆಯ ಮೇರೆಗೆ ಅಲ್ಲಿನ ವಿಮಾನ ತಯಾರಕರ ಒಕ್ಕೂಟ 1986ರಲ್ಲಿ ‘ಸರಳ ಇಂಗ್ಲಿಷ್’ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. 2005ರಿಂದ ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಒಪ್ಪಿತ ಸಾಮಾನ್ಯ ಪದಗಳು ಸುಮಾರು 900; ಸಾಧ್ಯವಾದ ಕಡೆಯೆಲ್ಲ ಒಂದು ಪದಕ್ಕೆ ಒಂದೇ ಅರ್ಥ, ಒಂದೇ ವ್ಯಾಕರಣ ವರ್ಗ. ‘ಟೆಸ್ಟ್’ ಅಲ್ಲಿ ನಾಮಪದ ಮಾತ್ರ. ಯಾವ ಭಾಗವನ್ನೂ ‘ಟೆಸ್ಟ್’ ಎಂಬ ಕ್ರಿಯಾಪದದಿಂದ ಪರೀಕ್ಷಿಸುವಂತಿಲ್ಲ, ಅದಕ್ಕೆ ‘ಟೆಸ್ಟ್’ ಮಾಡಬೇಕು. ‘ಆಯಿಲ್’ ಕೂಡ ಕ್ರಿಯಾಪದವಾಗುವಂತಿಲ್ಲ, ಎಣ್ಣೆಯನ್ನು ಹಚ್ಚಬೇಕು. ಭಾಷೆಯನ್ನು ಚೆನ್ನಾಗಿ ಅರಿಯದವರಿಗೆ ಗುರುತು ಬೇಕೆಂಬ ಫ್ರಾಂಕ್ಲಿನ್‌ನ ವಾದಕ್ಕೆ ಸುಮಾರು 200 ವರ್ಷಗಳ ಬಳಿಕ, ಅವನ ಹೆಸರೆತ್ತದೆಯೇ, ಮನ್ನಣೆ ಸಿಕ್ಕಿತು.

ಈ ಪಂಡಿತರು ಕಷ್ಟಪಟ್ಟು ಕಟ್ಟಿದ ಇಂಗ್ಲಿಷನ್ನು ಕನ್ನಡಿಗರು ಮೊದಲಿಂದಲೂ ಆಡುತ್ತ ಬಂದಿದ್ದಾರೆ. ‘ಟೆಸ್ಟ್ ಮಾಡು’, ‘ಆಯಿಲ್ ಹಾಕು’, ‘ಫೋನ್ ಹಚ್ಚು’. ಕನ್ನಡದಲ್ಲೂ ನಾಮ ಮತ್ತು ಕ್ರಿಯೆ ಒಂದೇ ರೂಪದಲ್ಲಿರುವ ಪದಗಳಿವೆ: ಹಾಡು, ನಗು, ನುಡಿ, ಬಾಳು, ಬೆಳೆ, ಕಟ್ಟು. ಆದರೆ ಹೊಸ ನಾಮಪದವನ್ನು ಬೋಳಾಗಿ ಕ್ರಿಯೆಯ ಜಾಗಕ್ಕೆ ಬಿಡುವ ಪರಿಪಾಠ ಇಲ್ಲ. ಧಾತುಗಳಿಗೆಂದೇ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವಿದೆ, ಶಾಲೆಯ ವ್ಯಾಕರಣದಲ್ಲಿ ‘ಇಸು’ ಹಚ್ಚಿದ ನಾಮಕ್ಕೆ ಪ್ರತ್ಯಯಾಂತ ಧಾತು ಎಂಬ ಹೆಸರಿದೆ. ಅಬ್ಬರ ಅಬ್ಬರಿಸುತ್ತದೆ, ಓಲಗ ಓಲಗಿಸುತ್ತದೆ, ಕನ್ನಡ ಕೂಡ ಕನ್ನಡಿಸುತ್ತದೆ. ಪತ್ರಿಕೆಗಳು ಫೋಟೋ ‘ಕ್ಲಿಕ್ಕಿಸಿ’ದ್ದೂ ಇದೇ ದಾರಿಯಲ್ಲಿ.

ಮಾತಿನಲ್ಲಿ ‘ಇಸು’ಗಿಂತ ‘ಮಾಡು’ವಿನದೇ ಮೇಲುಗೈ. ಇಂಗ್ಲಿಷಿನ ಕ್ರಿಯಾಪದ ಬಂದರೂ ಕನ್ನಡ ಮೊದಲು ಅದನ್ನು ನಾಮಪದದ ಸ್ಥಾನಕ್ಕೆ ಇಳಿಸಿ, ಆಮೇಲೆ ತನ್ನ ಕ್ರಿಯಾಪದ ಜೋಡಿಸುತ್ತದೆ. ಇದರಿಂದ ಇಂಗ್ಲಿಷಿಗಿಲ್ಲದ ಸೂಕ್ಷ್ಮವೂ ಒದಗುತ್ತದೆ. ‘ಜೆರಾಕ್ಸ್ ಮಾಡಿದ’ ಎಂದರೆ ಯಂತ್ರದ ಮುಂದೆ ನಿಂತವನು ಅವನೇ. ‘ಜೆರಾಕ್ಸ್ ಮಾಡಿಸಿದ’ ಎಂದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟ. ‘ಜೆರಾಕ್ಸ್ ಆಯ್ತು’ ಎಂದರೆ ಯಾರು ಮಾಡಿದರೆಂಬುದು ಅಪ್ರಸ್ತುತ. ಲಾಗಿನ್ನು ನಾಮವೋ ಕ್ರಿಯೆಯೋ ಎಂಬ ವಾದ ‘ಲಾಗಿನ್ ಆಗಿ’ ಎಂದವರಿಗೆ ಹುಟ್ಟುವುದೇ ಇಲ್ಲ.

ವಾದ ಮರಳುವುದು ತಂತ್ರಾಂಶವನ್ನು ಕನ್ನಡಕ್ಕೆ ತರುವಾಗ. ಅನುವಾದಕರ ಕೈಗೆ ಬರುವುದು ವಾಕ್ಯಗಳಿಗಿಂತ ಹೆಚ್ಚಾಗಿ ಬಿಡಿ ಪದಗಳ ಪಟ್ಟಿ: ರೆಕಾರ್ಡ್, ಆರ್ಡರ್, ಫಿಲ್ಟರ್, ಪೋಸ್ಟ್. ಇಂಗ್ಲಿಷಿನಲ್ಲಿ ಒಂದೇ ಪದ ಗುಂಡಿಯ ಮೇಲೂ ಕೂರುತ್ತದೆ, ಶೀರ್ಷಿಕೆಯಲ್ಲೂ ಕೂರುತ್ತದೆ. ಕನ್ನಡದಲ್ಲಿ ಗುಂಡಿಗೆ ‘ದಾಖಲಿಸಿ’, ಶೀರ್ಷಿಕೆಗೆ ‘ದಾಖಲೆ’ ಬೇಕು. ಅದಲುಬದಲಾದರೆ ಪರದೆ ನಗೆಪಾಟಲು. ಪದಕ್ಕೆ ವಾಕ್ಯದಲ್ಲಿನ ಜಾಗವೊಂದೇ ಗುರುತಾಗಿರುವ ಭಾಷೆಯಲ್ಲಿ ವಾಕ್ಯವನ್ನೇ ತೆಗೆದುಬಿಟ್ಟರೆ ಗುರುತು ಉಳಿಯುವುದಿಲ್ಲ. ಹಾಗಾಗಿ ಗೆಟ್‌ಟೆಕ್ಸ್ಟ್‌ನಂಥ ಅನುವಾದ ಸಾಧನಗಳಲ್ಲಿ ಪ್ರತಿ ಪದದೊಂದಿಗೆ ಸಂದರ್ಭ ತಿಳಿಸುವ ಒಂದು ಸಾಲು ಸೇರಿಸಲು ಅವಕಾಶವಿದೆ. ಎಚ್ಚರವುಳ್ಳ ಪ್ರೋಗ್ರಾಮರುಗಳು ಅಲ್ಲಿ ‘ನೌನ್’ ಅಥವಾ ‘ವರ್ಬ್’ ಎಂದು ಬರೆದಿಡುತ್ತಾರೆ. ಹಿಂದೆ ಮುದ್ರಕ ಒಂದು ದೊಡ್ಡಕ್ಷರದ ಮೊಳೆಯಿಂದ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಪದಕ್ಕೊಂದು ಟಿಪ್ಪಣಿ ಬೇಕಾಗಿದೆ.