ಮೇಸ್ತ್ರಿ ಎಲ್ಲಿ ನಿಂತಿದ್ದಾನೆ?

ಕಾಫಿ ತೋಟದಲ್ಲಿ ಒಳ್ಳೆಯ ಮೇಸ್ತ್ರಿಯನ್ನು ಹುಡುಕುವವರು ಕೂಗಾಟದ ಜಾಡು ಹಿಡಿದು ಹೋಗಬಾರದು. ಅಲ್ಲಿ ಸಿಗುವವನು ಒಂದೋ ತೋಟದ ಧಣಿ, ಇಲ್ಲವೇ ಧಣಿಯ ಜೀಪಿನ ಸದ್ದು ಕೇಳಿ ಎಚ್ಚರಗೊಂಡ ಸೋಮಾರಿ ಮೇಸ್ತ್ರಿ. ಒಳ್ಳೆಯವನು ಕೊಯ್ಯುವವರ ಹಿಂದೆ ನಾಲ್ಕು ಗಿಡ ಬಿಟ್ಟು, ಬಗ್ಗಿ ನೆಲ ನೋಡುತ್ತಿರುತ್ತಾನೆ. ಏನೋ ಕಳೆದುಕೊಂಡಿದ್ದಾನೆ ಅಂತಲೇ ಹೊಸಬರು ತಿಳಿಯಬೇಕು.

ಅವನು ನೋಡುವುದು ಉದುರಿದ ಹಣ್ಣನ್ನು. ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಗೂ ಇಳಿಯಿತು. ಅಂದಿನಿಂದ ನೆಲದಲ್ಲಿ ಬಿಟ್ಟ ಹಣ್ಣೆಂದರೆ ಆ ಹುಳುವಿಗೆ ಕಟ್ಟಿಟ್ಟ ಬುತ್ತಿ. ಮುಂದೆ ನಿಂತು ಕೈಗಳನ್ನು ಕಾಯುವವನಿಗೆ ಇದು ಕಾಣುವುದಿಲ್ಲ. ಕೈಗಳು ಎಲ್ಲರೆದುರು ಚುರುಕಾಗಿಯೇ ಆಡುತ್ತವೆ. ಕೆಲಸದ ನಿಜ ಗೊತ್ತಾಗುವುದು ಕೈ ದಾಟಿ ಹೋದ ಮೇಲೆ.

ಆದರೆ ಮೇಸ್ತ್ರಿಗಿರಿ ಗೆಲ್ಲುವುದೋ ಸೋಲುವುದೋ ಬೆಳಿಗ್ಗೆ, ಸಾಲು ಹಂಚುವಾಗ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ. ಕೊಯ್ಲಿನಲ್ಲಿ ಹಲವು ಕಡೆ ಕೂಲಿ ಕಿಲೋ ಲೆಕ್ಕದಲ್ಲಿ. ಒಂದು ಸಾಲಿನಲ್ಲಿ ರೆಕ್ಕೆ, ಅಂದರೆ ಗಿಡದ ಅಡ್ಡಕೊಂಬೆ, ಬಾಗುವಷ್ಟು ಹಣ್ಣು. ಪಕ್ಕದ ಸಾಲಿನಲ್ಲಿ ಕಾಂಡಕೊರಕ ಹೊಡೆದ ಗಿಡ, ಆಚೀಚೆ ನೆಟ್ಟ ಸಸಿ. ಯಾರಿಗೆ ಯಾವ ಸಾಲು ಅಂದಾಗಲೇ ಸಂಜೆಯ ದುಡ್ಡು ಅರ್ಧ ತೀರ್ಮಾನವಾಯಿತು. ತುಂಬಿದ ಸಾಲನ್ನು ತನ್ನ ಅತ್ತಿಗೆಗೆ ಕೊಟ್ಟ ಮೇಸ್ತ್ರಿ ಆಮೇಲೆ ಎಷ್ಟು ಶಿಸ್ತು ಬೋಧಿಸಿದರೂ ಗಾಳಿಗೆ ಹೇಳಿದಂತೆಯೇ. ತಿಳಿದವನು ಇವತ್ತು ಬೋಳು ಸಾಲು ಹಿಡಿದವಳನ್ನು ನಾಳೆ ತುಂಬಿದ ಸಾಲಿನ ತಲೆಯಲ್ಲಿ ನಿಲ್ಲಿಸುತ್ತಾನೆ. ಈ ಲೆಕ್ಕ ರೈಟರ ಪುಸ್ತಕದಲ್ಲಿ ಇರುವುದಿಲ್ಲ. ಆದರೆ ಕೊಯ್ಯುವ ಹೆಂಗಸರಲ್ಲಿ ಒಬ್ಬರಾದರೂ ಅದನ್ನು ಮರೆತದ್ದು ನಾನು ಕಾಣೆ.

ತಪ್ಪು ಹೇಳುವುದಕ್ಕೂ ಒಂದು ಕ್ರಮವಿದೆ. "ಅಕ್ಕ, ಕೆಳಗಿನ ರೆಕ್ಕೆ ಒಂದ್ಸಲ ಎತ್ತಿ ನೋಡಿ" ಅಂದರೆ ಅಕ್ಕ ಎತ್ತುತ್ತಾಳೆ. ಅದೇ ಮಾತು ಸಾಲಿಗೆಲ್ಲ ಕೇಳುವಂತೆ ಬಂದರೆ ರೆಕ್ಕೆಯೇ ಮುರಿದೀತು. ಅಸ್ಸಾಮಿನಿಂದ ಬಂದ ಹುಡುಗನಿಗೆ ಕನ್ನಡ ಬಾರದು, ಮೇಸ್ತ್ರಿಯ ಹಿಂದಿ ಸಿನಿಮಾದಲ್ಲಿ ಕಲಿತದ್ದು. ಹಾಗಾಗಿ ಭಾಷಣವಿಲ್ಲ. ಅಂಗೈ ಮೇಲೆ ಒಂದು ಕೆಂಪು ಹಣ್ಣು, ಒಂದು ಹಸಿರು ಕಾಯಿ. ಹಸಿರನ್ನು ಎಸೆದು, ಪಕ್ಕದಲ್ಲೇ ನಿಂತು ಒಂದು ಗಿಡ ಕೊಯ್ದು ತೋರಿಸುತ್ತಾನೆ. ಭಾಷೆ ಚೆನ್ನಾಗಿ ಬರುವ ಮೇಸ್ತ್ರಿಗಳಿಗೆ ಪಾಪ, ಈ ಅನುಕೂಲ ಇಲ್ಲ.

ಇನ್ನು ನೀರು. ಪ್ಲಾಂಟೇಶನ್ ಕಾರ್ಮಿಕರಿಗೆ ಕುಡಿಯುವ ನೀರು ಒದಗಿಸಬೇಕೆಂದು 1951ರಲ್ಲೇ ಕಾಯ್ದೆ ಬಂತು. ಕೊಡ ಇಡಿಸುವುದು ಕಾಯ್ದೆಯ ಕೈಲಾಗುತ್ತದೆ. ಕೆಲಸ ಕೆಳಗಿನ ಇಳಿಜಾರಿಗೆ ಸರಿದಾಗ ಆ ಕೊಡವೂ ಹಿಂದೆಯೇ ಇಳಿಯಬೇಕೆಂಬುದು ಮೇಸ್ತ್ರಿಗೇ ಹೊಳೆಯಬೇಕು.

ಸಂಜೆ ತೂಕ. ಹಣ್ಣು ಅದೇ ದಿನ ಪಲ್ಪರಿಗೆ ಬೀಳಬೇಕು, ಎಲ್ಲರಿಗೂ ಅವಸರ, ಸೊಳ್ಳೆ ಬೇರೆ. ಮೋಸ ನುಸುಳುವುದು ಇಂಥ ಹೊತ್ತಿನಲ್ಲೇ. ನಮ್ಮ ಮೇಸ್ತ್ರಿ ತಕ್ಕಡಿಯ ಮುಖವನ್ನು ಚೀಲದೊಡತಿಯ ಕಡೆ ತಿರುಗಿಸಿ, ಅಂಕಿಯನ್ನು ಗಟ್ಟಿಯಾಗಿ ಓದುತ್ತಾನೆ. ಇಡೀ ದಿನದಲ್ಲಿ ಅವನ ದನಿ ಏರುವುದು ಅಲ್ಲಿ ಮಾತ್ರ. ಚೀಲದ ತೂಕವೆಂದು ಎಷ್ಟು ಕಳೆದೆ ಎಂಬುದನ್ನೂ ಅದೇ ದನಿಯಲ್ಲಿ ಹೇಳುತ್ತಾನೆ. ಬೆಳಿಗ್ಗೆ ಸಾಲಿನಲ್ಲಿ ಗಳಿಸಿದ ನಂಬಿಕೆಯನ್ನು ಸಂಜೆ ಅರ್ಧ ಕಿಲೋಕ್ಕೆ ಮಾರಿಕೊಳ್ಳುವಷ್ಟು ದಡ್ಡನಲ್ಲ ಅವನು.

ಕೊಯ್ಲಿಗೆ ಜನ ಸಿಗುವುದೇ ಕಷ್ಟವಾದ ಕಾಲ ಇದು. ದೀಪಾವಳಿಯ ಆಸುಪಾಸಿನಲ್ಲಿ ಧಣಿಗಳು ಹಾವೇರಿ ಕಡೆಯ ತಂಡಗಳಿಗೆ ಫೋನು ಹಚ್ಚುತ್ತಾರೆ, ಮುಂಗಡದ ಆಸೆ ತೋರಿಸುತ್ತಾರೆ. ಆ ಕಡೆಯಿಂದ ಮೊದಲು ಬರುವುದು ರೇಟಿನ ಪ್ರಶ್ನೆ. ಅದರ ಹಿಂದೆಯೇ, "ಮೇಸ್ತ್ರಿ ಹೋದ್ ವರ್ಷದವ್ರ ಅದಾರೇನ್ರಿ?" ಮೊದಲನೆಯದಕ್ಕೆ ಧಣಿ ಚೌಕಾಸಿ ಮಾಡಬಹುದು. ಎರಡನೆಯದಕ್ಕೆ ಹೌದು, ಇಲ್ಲ ಎರಡೇ ಉತ್ತರ; ಇಲ್ಲ ಎಂದವರು ರೇಟು ಏರಿಸಬೇಕಾಗುತ್ತದೆ.