ಹಸಿರು ಚೀಟಿಯವರ ಹಿಂದೆ

ಕಾನ್‌ಸ್ಟಾನ್ಸ್‌ನಲ್ಲಿ ಓದುತ್ತಿದ್ದಾಗ ಶನಿವಾರ ಹಾಲು ತರಲು ಹೋದರೆ ಅರ್ಧ ಗಂಟೆ ಸಾಲಿನಲ್ಲಿ ನಿಲ್ಲಬೇಕಿತ್ತು. ಜರ್ಮನಿಯ ದಕ್ಷಿಣದ ಅಂಚಿನಲ್ಲಿರುವ ಆ ಊರಿನಿಂದ ಸ್ವಿಟ್ಜರ್ಲೆಂಡಿಗೆ ನಡೆದೇ ಹೋಗಬಹುದು. ಯುರೋಪಿನ ಅತಿ ದುಬಾರಿ ದೇಶಗಳಲ್ಲಿ ಅದೂ ಒಂದು. ಅಲ್ಲಿಯವರು ಮಾಂಸ, ಚೀಸ್, ಸೋಪು, ಡಯಾಪರ್‌ಗಳನ್ನು ತಳ್ಳುಗಾಡಿಯ ತುಂಬ ಪೇರಿಸಿಕೊಂಡು ಬಂದು ಕೌಂಟರಿನಲ್ಲಿ ಹಸಿರು ಚೀಟಿ ಕೇಳುತ್ತಿದ್ದರು. ಗಡಿಯಲ್ಲಿ ಅದಕ್ಕೆ ಮುದ್ರೆ ಹಾಕಿಸಿದರೆ ಜರ್ಮನಿಯ ತೆರಿಗೆ ವಾಪಸ್ಸು. ಎರಡು ಪ್ಯಾಕೆಟ್ ಹಾಲು ಹಿಡಿದು ನಿಂತ ನನಗೆ ಸಿಟ್ಟು ಬರುತ್ತಿತ್ತು. ಅಷ್ಟು ಸಂಬಳದವರಿಗೆ ಇಷ್ಟು ಉಳಿತಾಯದ ಚಪಲವೇ!

ನಾನೇನು ಕಡಿಮೆಯವನಲ್ಲ. ಒಂದು ಹೂಕೋಸನ್ನೂ ರೂಪಾಯಿಗೆ ಬದಲಿಸಿ ನೋಡಿ, ಹೌಹಾರಿ, ಅಲ್ಲೇ ಇಟ್ಟು ಬರುತ್ತಿದ್ದೆ. ನಮ್ಮ ಅಡುಗೆಮನೆ ಹಂಚಿಕೊಂಡಿದ್ದ ರುಮೇನಿಯಾದ ಹುಡುಗಿ ಇದನ್ನು ಕಂಡು ನಗುತ್ತಿದ್ದಳು. "ನಿನಗೇನಮ್ಮ, ನಿಮ್ಮೂರಲ್ಲಿ ಎಲ್ಲ ಅಗ್ಗ" ಎಂದೆ ಒಮ್ಮೆ. ಅವಳು ನಗಲಿಲ್ಲ. "ಸಾಮಾನು ಅಗ್ಗ, ನಿಜ. ನಮ್ಮಮ್ಮನ ಸಂಬಳ ಅದಕ್ಕಿಂತ ಅಗ್ಗ" ಎಂದಳು.

ಆ ರಾತ್ರಿ ಯೂರೋಸ್ಟಾಟ್‌ನ ಅಂಕಿಗಳನ್ನು ತೆರೆದು ಕೂತೆ. ರುಮೇನಿಯಾದಲ್ಲಿ ಆಹಾರದ ಬೆಲೆ ಐರೋಪ್ಯ ಒಕ್ಕೂಟದ ಸರಾಸರಿಗಿಂತ ಕಡಿಮೆ. ಆದರೂ ಮನೆಖರ್ಚಿನ ಸುಮಾರು ಕಾಲು ಭಾಗ ತಿನ್ನುವುದಕ್ಕೇ ಹೋಗುತ್ತದೆ. ಜರ್ಮನಿಯಲ್ಲಿ ಅದು ಎಂಟರಲ್ಲಿ ಒಂದು ಪಾಲಿನ ಆಸುಪಾಸು, ಲಕ್ಸೆಂಬರ್ಗಿನಲ್ಲಿ ಇನ್ನೂ ಕಡಿಮೆ. (ಹೋಟೆಲ್ ಊಟ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ.) ಇದನ್ನು 1857ರಲ್ಲೇ ಜರ್ಮನಿಯ ಎರ್ನ್ಸ್ಟ್ ಎಂಗೆಲ್ ಬೆಲ್ಜಿಯಂ ಕಾರ್ಮಿಕರ ಮನೆಲೆಕ್ಕ ನೋಡಿ ಹೇಳಿದ್ದ: ಮನೆ ಬಡವಾದಷ್ಟೂ ಖರ್ಚಿನಲ್ಲಿ ಊಟದ ಪಾಲು ದೊಡ್ಡದು. ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಅಲ್ಲ, ಇವನು ಬೇರೆ. ಪರೀಕ್ಷೆಗೆಂದು ಈ ನಿಯಮ ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು.

ರಜೆಗೆ ಹಾಸನಕ್ಕೆ ಹೋದಾಗ ಅಮ್ಮನ ಹಳೆಯ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಅಪ್ಪನ ಅಂಗಡಿ ಮುಚ್ಚಿದ ವರ್ಷದ್ದೂ ಇತ್ತು. ಅಕ್ಕಿ, ಬೇಳೆ, ಎಣ್ಣೆ, ಸೀಮೆಎಣ್ಣೆ, ನನ್ನ ಫೀಸು. ಸುಮ್ಮನೆ ಪಾಲು ಹಾಕಿದೆ. ಪ್ರತಿ ತಿಂಗಳೂ ಅರ್ಧಕ್ಕಿಂತ ಹೆಚ್ಚು ದಿನಸಿಗೇ ಹೋಗಿತ್ತು, ಒಂದು ತಿಂಗಳು ಬಿಟ್ಟು. ಆ ತಿಂಗಳು ನಾನು ಕ್ಯಾನ್ವಾಸ್ ಶೂ ಬೇಕೆಂದು ಎರಡು ದಿನ ಊಟ ಬಿಟ್ಟು ಹಟ ಹಿಡಿದದ್ದು ನೆನಪಿದೆ. ಪುಟದ ಕೊನೆಗೆ "ಶೂ" ಎಂದಿತ್ತು. ಎರಡು ಲೀಟರ್ ಇರುತ್ತಿದ್ದ ಎಣ್ಣೆ ಮುಕ್ಕಾಲು ಲೀಟರಿಗೆ ಇಳಿದಿತ್ತು, ತೊಗರಿಬೇಳೆಯ ಜಾಗದಲ್ಲಿ ಹುರುಳಿ.

"ಏನೋ ಅದು, ಅಷ್ಟೊತ್ತಿಂದ ನೋಡ್ತಿದೀಯ?" ಅಂದರು ಅಮ್ಮ. ಏನಿಲ್ಲ ಎಂದು ಪುಸ್ತಕ ಮತ್ತೆ ಅಟ್ಟಕ್ಕಿಟ್ಟೆ.