ಅಡಿಲೇಡ್: ಹಕ್ಕು ಮೊದಲು, ಆಸನ ಕೊನೆಗೆ

ದಕ್ಷಿಣ ಆಸ್ಟ್ರೇಲಿಯ ರಾಜ್ಯದ ರಾಜಧಾನಿ ಅಡಿಲೇಡ್ ನಗರವನ್ನು ನಕ್ಷೆಯಲ್ಲಿ ನೋಡಿದರೆ, ಗಣಿತದ ಮೇಷ್ಟರು ಅಳತೆಪಟ್ಟಿ ಹಿಡಿದು ಕಪ್ಪುಹಲಗೆಯ ಮೇಲೆ ಎಳೆದ ಚಿತ್ರದಂತೆ ಕಾಣುತ್ತದೆ. ನೇರವಾದ ಅಗಲ ಬೀದಿಗಳು, ನಡುವೆ ಚೌಕಗಳು, ಸುತ್ತಲೂ ಹಸಿರು ಉದ್ಯಾನಗಳ ಪಟ್ಟಿ. ಇದೆಲ್ಲ 1837ರಲ್ಲಿ ಕರ್ನಲ್ ವಿಲಿಯಂ ಲೈಟ್ ಮಾಡಿದ ಮೋಜಣಿ. ಅದಕ್ಕೂ ಮುಂಚೆ ಈ ಬಯಲು ಕೌರ್ನಾ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಊರಿನ ಉತ್ತರದಲ್ಲಿ ಟಾರೆನ್ಸ್ ನದಿ ಹರಿಯುತ್ತದೆ. ನದಿಗೂ ಪೇಟೆಗೂ ನಡುವೆ ಇರುವ ಬೀದಿಯೇ ನಾರ್ತ್ ಟೆರೇಸ್. ಗ್ರಂಥಾಲಯ, ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯ ಎಲ್ಲವೂ ಇದೇ ಸಾಲಿನಲ್ಲಿವೆ.

ಈ ಬೀದಿಯಲ್ಲಿ ಪ್ರವಾಸಿಯ ಕಣ್ಣು ಸೆಳೆಯುವ ಕಟ್ಟಡ ಸಂಸತ್ ಭವನ. ಗ್ರಾನೈಟ್ ಕಲ್ಲಿನ ತಳಪಾಯದ ಮೇಲೆ ಕಪುಂಡ ಊರಿನ ಅಮೃತಶಿಲೆಯಲ್ಲಿ ಕಟ್ಟಿದ, ಎತ್ತರದ ಕಂಬಗಳ ಭವನ. ಹೊರಗಿನಿಂದ ಒಂದೇ ಕಟ್ಟಡದಂತೆ ಕಂಡರೂ ಇದರ ಪಶ್ಚಿಮದ ಅರ್ಧ ಮುಗಿದದ್ದು 1889ರಲ್ಲಿ, ಪೂರ್ವದ ಅರ್ಧ ಮುಗಿದದ್ದು 1939ರಲ್ಲಿ. ನಡುವೆ ಐವತ್ತು ವರ್ಷಗಳ ಅಂತರ! ಆದರೆ ಈ ಭವನದೊಳಗೆ ಇದಕ್ಕಿಂತ ನಿಧಾನವಾಗಿ ನಡೆದ ಇನ್ನೊಂದು ಕೆಲಸವಿದೆ. ಅದು ಹೆಣ್ಣುಮಕ್ಕಳು ಒಳಗೆ ಕುಳಿತುಕೊಳ್ಳುವ ಕೆಲಸ. ಅದಕ್ಕೆ ಹಿಡಿದದ್ದು ಅರವತ್ತೈದು ವರ್ಷ.

ಕತೆ ಆರಂಭವಾಗುವುದು 1894ರಲ್ಲಿ. ನೆರೆಯ ನ್ಯೂಜಿಲೆಂಡ್ ಹಿಂದಿನ ವರ್ಷವಷ್ಟೇ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತ್ತು. ಆದರೆ ಚುನಾವಣೆಗೆ ನಿಲ್ಲುವ ಹಕ್ಕನ್ನು ಕೊಟ್ಟಿರಲಿಲ್ಲ. ಅಡಿಲೇಡಿನಲ್ಲಿ ಮೇರಿ ಲೀ ಎಂಬ ಐರ್ಲೆಂಡ್ ಮೂಲದ ವಿಧವೆ ಮತ್ತು ಆಕೆಯ ಸಂಗಾತಿಗಳು ಊರೂರು ಸುತ್ತಿ 11,600 ಸಹಿಗಳನ್ನು ಸಂಗ್ರಹಿಸಿದರು. ಹಾಳೆಗೆ ಹಾಳೆ ಅಂಟಿಸಿದ ಆ ಮನವಿಯ ಉದ್ದ ಸುಮಾರು 400 ಅಡಿ. ಆಗ ಮಸೂದೆಯ ವಿರೋಧಿಗಳು ಒಂದು ಉಪಾಯ ಹೂಡಿದರು. ಮಹಿಳೆಯರು ಶಾಸಕರಾಗುವುದನ್ನು ತಡೆಯುವ ಅಂಶವನ್ನು ಮಸೂದೆಯಿಂದ ಕಿತ್ತುಹಾಕಿಬಿಟ್ಟರೆ, ಇದು ಅತಿಯಾಯಿತೆಂದು ಉಳಿದ ಸದಸ್ಯರು ಇಡೀ ಮಸೂದೆಯನ್ನೇ ಸೋಲಿಸುತ್ತಾರೆ ಎಂಬುದು ಅವರ ಲೆಕ್ಕ. ಲೆಕ್ಕ ತಲೆಕೆಳಗಾಯಿತು. 1894ರ ಡಿಸೆಂಬರ್ 18ರಂದು ಮಸೂದೆ ಹಾಗೆಯೇ ಅಂಗೀಕಾರವಾಯಿತು. ತೋಡಿದ ಗುಂಡಿಗೆ ತಾವೇ ಬಿದ್ದ ವಿರೋಧಿಗಳ ಕೃಪೆಯಿಂದ, ಮತ ಹಾಕುವ ಹಕ್ಕಿನೊಡನೆ ಶಾಸನಸಭೆಗೆ ಸ್ಪರ್ಧಿಸುವ ಹಕ್ಕನ್ನೂ ಮಹಿಳೆಯರಿಗೆ ಕೊಟ್ಟ ಜಗತ್ತಿನ ಮೊದಲ ನಾಡು ಎಂಬ ಕೀರ್ತಿ ದಕ್ಷಿಣ ಆಸ್ಟ್ರೇಲಿಯಕ್ಕೆ ಬಂತು. 1896ರ ಚುನಾವಣೆಯಲ್ಲಿ ಮಹಿಳೆಯರು ಮೊದಲ ಬಾರಿ ಮತ ಹಾಕಿದರು. ಪಾಯಿಂಟ್ ಮೆಕ್ಲೇ ಎಂಬಲ್ಲಿ ಮೂಲನಿವಾಸಿ ಮಹಿಳೆಯರೂ ಮತ ಹಾಕಿದರೆಂಬುದು ಗಮನಾರ್ಹ.

ಇಷ್ಟು ಬೇಗ ಹಕ್ಕು ಸಿಕ್ಕ ಮೇಲೆ ಆಸನವೂ ಬೇಗ ಸಿಕ್ಕಿರಬೇಕು ಎಂದು ಓದುಗರು ಊಹಿಸಬಹುದು. ನಡೆದದ್ದು ಬೇರೆ. 1897ರಲ್ಲಿ ಆಸ್ಟ್ರೇಲಿಯ ಒಕ್ಕೂಟದ ಸಂವಿಧಾನ ರಚನಾ ಸಮಾವೇಶಕ್ಕೆ ಪ್ರತಿನಿಧಿಗಳ ಚುನಾವಣೆ ನಡೆಯಿತು. ಲೇಖಕಿ ಕ್ಯಾಥರೀನ್ ಹೆಲೆನ್ ಸ್ಪೆನ್ಸ್, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಇದಕ್ಕೆ ನಿಂತು ದೇಶದ ಮೊದಲ ಮಹಿಳಾ ಅಭ್ಯರ್ಥಿಯಾದರು. ಹತ್ತು ಸ್ಥಾನಗಳಿಗೆ ಕಣದಲ್ಲಿದ್ದ 33 ಮಂದಿಯಲ್ಲಿ ಅವರಿಗೆ ಬಂದದ್ದು 22ನೇ ಸ್ಥಾನ. ರಾಜ್ಯದ ಶಾಸನಸಭೆಗೆ ಮಹಿಳೆಯರು ಸ್ಪರ್ಧಿಸಿದ್ದು ಇನ್ನೂ ತಡವಾಗಿ, 1918ರಲ್ಲಿ. ಜೀನ್ ಯಂಗ್ ಮತ್ತು ಸೆಲಿನಾ ಸಿಗ್ಗಿನ್ಸ್ ಇಬ್ಬರೂ ಸೋತರು. ಅಷ್ಟರಲ್ಲಿ ಹಿಂದಿದ್ದ ರಾಜ್ಯಗಳು ಮುಂದೆ ಹೋದವು. ಪಶ್ಚಿಮ ಆಸ್ಟ್ರೇಲಿಯ 1921ರಲ್ಲಿ ಎಡಿತ್ ಕೋವನ್ ಅವರನ್ನು ಗೆಲ್ಲಿಸಿತು. ನಂತರ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲೆಂಡ್, ವಿಕ್ಟೋರಿಯ, ಕೊನೆಗೆ 1948ರಲ್ಲಿ ಟಾಸ್ಮೇನಿಯ. ಆರು ರಾಜ್ಯಗಳಲ್ಲಿ ಉಳಿದದ್ದು ಒಂದೇ, ಎಲ್ಲರಿಗಿಂತ ಮೊದಲು ಹಕ್ಕು ಕೊಟ್ಟ ರಾಜ್ಯ!

ಹೀಗಿರುವಾಗ ಬಂದದ್ದು 1959ರ ಮಾರ್ಚ್ 7ರ ಚುನಾವಣೆ. ಆಗ ಮುಖ್ಯಮಂತ್ರಿ ಸರ್ ಥಾಮಸ್ ಪ್ಲೇಫರ್ಡ್. ನಾರ್ಟನ್ ಸಮ್ಮಿಟ್ ಎಂಬ ಬೆಟ್ಟದೂರಿನ ಹಣ್ಣಿನ ತೋಟದ ಕೃಷಿಕ. 1938ರಿಂದ 1965ರವರೆಗೆ, ಇಪ್ಪತ್ತಾರು ವರ್ಷಕ್ಕೂ ಮೀರಿ ಅಧಿಕಾರದಲ್ಲಿದ್ದವರು. ಕೃಷಿಯನ್ನೇ ನೆಚ್ಚಿದ್ದ ರಾಜ್ಯಕ್ಕೆ ಕಾರ್ಖಾನೆಗಳನ್ನು ತಂದ ಶ್ರೇಯ ಅವರದು. ಆದರೆ ಇಷ್ಟು ದೀರ್ಘ ಆಳ್ವಿಕೆಗೆ ಕ್ಷೇತ್ರಗಳ ಹಂಚಿಕೆಯೂ ಕಾರಣವಾಗಿತ್ತು. ಕೆಳಮನೆಯ 39 ಸ್ಥಾನಗಳಲ್ಲಿ 26 ಗ್ರಾಮಾಂತರಕ್ಕೆ, 13 ಮಾತ್ರ ಅಡಿಲೇಡಿಗೆ. ಜನಸಂಖ್ಯೆಯ ಬಹುಪಾಲು ಇದ್ದದ್ದು ಅಡಿಲೇಡಿನಲ್ಲಿ! 1953ರಲ್ಲಿ ವಿರೋಧಿ ಲೇಬರ್ ಪಕ್ಷ ಹೆಚ್ಚು ಮತ ಪಡೆದೂ ಅಧಿಕಾರ ಹಿಡಿಯಲಾಗಲಿಲ್ಲ. ಅನೇಕ ಕ್ಷೇತ್ರಗಳಲ್ಲಿ ಎದುರಾಳಿಯೇ ಇಲ್ಲದೆ ಅವಿರೋಧ ಆಯ್ಕೆಗಳಾಗುತ್ತಿದ್ದವು.

ಅಲ್ಲಿನ ಮತ ಎಣಿಕೆಯ ಕ್ರಮವನ್ನು ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು. ಮತದಾರ ಒಬ್ಬರ ಹೆಸರಿನ ಮುಂದೆ ಗುರುತು ಹಾಕಿ ಬಂದರೆ ಸಾಲದು. ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮಾಂಕ ಕೊಡಬೇಕು. ನೂರು ಮತಗಳಲ್ಲಿ ರಾಮನಿಗೆ 40, ಭೀಮನಿಗೆ 35, ಸೋಮನಿಗೆ 25 ಮೊದಲ ಪ್ರಾಶಸ್ತ್ಯ ಬಂದಿವೆ ಎನ್ನೋಣ. ಯಾರಿಗೂ ಅರ್ಧಕ್ಕಿಂತ ಹೆಚ್ಚಿಲ್ಲ. ಆಗ ಕೊನೆಯವನಾದ ಸೋಮನನ್ನು ಕೈಬಿಟ್ಟು, ಅವನ 25 ಮತಪತ್ರಗಳಲ್ಲಿ ಎರಡನೆಯ ಪ್ರಾಶಸ್ತ್ಯ ಯಾರಿಗಿದೆಯೆಂದು ನೋಡುತ್ತಾರೆ. ಅವುಗಳಲ್ಲಿ 18 ಭೀಮನಿಗೆ, 7 ರಾಮನಿಗೆ ಹೋದರೆ ಭೀಮ 53 ಮತಗಳಿಂದ ಗೆಲ್ಲುತ್ತಾನೆ. ಮೊದಲ ಸುತ್ತಿನಲ್ಲಿ ಮುಂದಿದ್ದ ರಾಮ 47ಕ್ಕೆ ನಿಲ್ಲುತ್ತಾನೆ.

ಆ ವರ್ಷ ಜೆಸ್ಸಿ ಕೂಪರ್ ಮೇಲ್ಮನೆಗೂ ಜಾಯ್ಸ್ ಸ್ಟೀಲ್ ಕೆಳಮನೆಯ ಬರ್ನ್‌ಸೈಡ್ ಕ್ಷೇತ್ರಕ್ಕೂ ಪ್ಲೇಫರ್ಡ್ ಅವರ ಪಕ್ಷದಿಂದ ನಿಂತರು. ಮತದಾನಕ್ಕೆ ಮುಂಚೆಯೇ ಒಂದು ವಿಘ್ನ ಎದುರಾಯಿತು. ಮೇಲ್ಮನೆಗೆ ಹೆಂಗಸರ ನಾಮಪತ್ರ ಸ್ವೀಕರಿಸಬಾರದು ಎಂದು ಇಬ್ಬರು ರಾಜ್ಯದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂವಿಧಾನ ಕಾಯಿದೆ ಹೇಳುವ 'ವ್ಯಕ್ತಿ' ಎಂದರೆ ಗಂಡಸು ಮಾತ್ರ, ಹೆಂಗಸಲ್ಲ ಎಂಬುದು ಅವರ ವಾದದ ತಿರುಳು. 1894ರ ಕಾನೂನು ಬಂದು ಅರವತ್ತು ವರ್ಷ ದಾಟಿದ ಮೇಲೂ ಹೆಣ್ಣು 'ವ್ಯಕ್ತಿ'ಯೇ ಎಂದು ಕೇಳುವವರಿದ್ದರು! ನಾಮಪತ್ರ ತಡೆಯಲು ನ್ಯಾಯಾಲಯ ಒಪ್ಪಲಿಲ್ಲ.

ಮತದಾನ ನಡೆಯಿತು. ಪ್ಲೇಫರ್ಡ್ ಪಕ್ಷಕ್ಕೆ 20, ಲೇಬರ್‌ಗೆ 17, ಪಕ್ಷೇತರರಿಗೆ 2 ಸ್ಥಾನ. ಕೂಪರ್, ಸ್ಟೀಲ್ ಇಬ್ಬರೂ ಗೆದ್ದರು. ಜಾಯ್ಸ್ ಸ್ಟೀಲ್ 1968ರಲ್ಲಿ ಶಿಕ್ಷಣ ಸಚಿವೆಯಾಗಿ ರಾಜ್ಯದ ಮೊದಲ ಮಹಿಳಾ ಮಂತ್ರಿ ಎನಿಸಿದರು. ಜೆಸ್ಸಿ ಕೂಪರ್ 1979ರವರೆಗೆ ಮೇಲ್ಮನೆಯಲ್ಲಿದ್ದರು. ಅವರು ಆರಿಸಿಬಂದ ಕಾಲದಲ್ಲಿ ಮೇಲ್ಮನೆಗೆ ಮತ ಹಾಕಲು ಆಸ್ತಿಯಂಥ ಅರ್ಹತೆ ಬೇಕಿತ್ತು. ಮನೆ ಗಂಡನ ಹೆಸರಿನಲ್ಲಿದ್ದರೆ ಹೆಂಡತಿಗೆ ಆ ಮತವಿಲ್ಲದಿರುವುದು ಸಾಮಾನ್ಯವಾಗಿತ್ತು. ಆ ಕಟ್ಟಳೆ ಪೂರ್ತಿ ಹೋಗಲು 1973ರವರೆಗೆ ಕಾಯಬೇಕಾಯಿತು.

ಇಷ್ಟು ತಡವೇಕೆ? ಕಾನೂನು ಬಾಗಿಲು ತೆರೆದಿತ್ತು. ಆದರೆ ಒಳಗೆ ಕರೆದುಕೊಂಡು ಹೋಗಬೇಕಾದ ಪಕ್ಷಗಳು ಸುಮ್ಮನಿದ್ದವು. ಪಕ್ಷದ ಬೆಂಬಲವಿಲ್ಲದೆ ಅಥವಾ ಗೆಲ್ಲಲಾಗದ ಕ್ಷೇತ್ರದಲ್ಲಿ ನಿಂತವರು ಸೋಲುವುದು ಸಹಜ. ಬರ್ನ್‌ಸೈಡ್ ಆಳುವ ಪಕ್ಷದ ಭದ್ರ ಕ್ಷೇತ್ರವಾಗಿತ್ತು. ಅಂಥ ಕ್ಷೇತ್ರವನ್ನು ಮಹಿಳೆಗೆ ಕೊಟ್ಟ ದಿನವೇ ಫಲಿತಾಂಶ ಬದಲಾಯಿತು. ಬೆಟ್ಟದ ಮೇಲಿನ ಕೆರೆಯ ನೀರಿನಲ್ಲಿ ಶಕ್ತಿ ಅಡಗಿರುತ್ತದೆ. ತೂಬು ಎತ್ತುವವರೆಗೆ ಅದರಿಂದ ಚಕ್ರ ತಿರುಗುವುದಿಲ್ಲ. ಕಾಗದದ ಮೇಲಿನ ಹಕ್ಕೂ ಅಷ್ಟೆ.

ಇಂದು ನಾರ್ತ್ ಟೆರೇಸ್‌ನಲ್ಲಿ ಮೇರಿ ಲೀ ಅವರ ಪುತ್ಥಳಿ ಇದೆ. ಲೈಟ್ ಚೌಕದಲ್ಲಿ ಸ್ಪೆನ್ಸ್ ಅವರ ಪ್ರತಿಮೆ ನಿಂತಿದೆ. 1894ರ ಕಾಯಿದೆಯ ಶತಮಾನೋತ್ಸವದ ನೆನಪಿಗೆ ನೇಯ್ದ ಎರಡು ದೊಡ್ಡ ಚಿತ್ರಪಟಗಳು ಕೆಳಮನೆಯ ಸಭಾಂಗಣದ ಗೋಡೆಯನ್ನು ಅಲಂಕರಿಸಿವೆ. ಗೆಲ್ಲದೆ ಹೋದ ಅಭ್ಯರ್ಥಿಗೂ ಊರು ಪ್ರತಿಮೆ ನಿಲ್ಲಿಸಿರುವುದು ಅಡಿಲೇಡಿನ ಹಿರಿಮೆ.

ಮನೆಯಲ್ಲಿ ಮಗಳಿಗೆ 'ನಿನಗೂ ಎಲ್ಲ ಹಕ್ಕು ಇದೆ' ಎಂದು ಹೇಳುವ ತಂದೆತಾಯಿಯರು ಈ ಊರಿನ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಶಾಲೆಯ ಮಂತ್ರಿಮಂಡಲದ ಚುನಾವಣೆಗೆ ಹೆಸರು ಕೊಡಲು ಹಿಂಜರಿಯುವ ಹುಡುಗಿಗೆ ಬೇಕಾದದ್ದು ನಿಯಮದ ಅನುಮತಿಯೊಂದೇ ಅಲ್ಲ. ಆಕೆಯ ಹೆಸರನ್ನು ಸೂಚಿಸುವ ಒಬ್ಬರು, ಅನುಮೋದಿಸುವ ಇನ್ನೊಬ್ಬರು ಬೇಕು.